ಬಿಸಿನೀರಿಗೆ ಗ್ಯಾರಂಟಿ ಬರೆಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಶಿಕ್ಷಣ ಟ್ರಸ್ಟಿನ ವಿದ್ಯಾರ್ಥಿ ನಿಲಯ. 250 ಮಕ್ಕಳಿದ್ದಾರೆ. ಹನ್ನೊಂದು ವರ್ಷದ ಹಿಂದೆ ದಿನಕ್ಕೆ 5000 ಲೀಟರಿನ ಸೋಲಾರ್ ವಾಟರ್ ಹೀಟರ್ ಹಾಕಿಸಿದೆವು. 50 ಪ್ಯಾನೆಲ್ ಇವೆ. ಮೊದಲ ಎರಡು ವರ್ಷ ಚೆನ್ನಾಗಿತ್ತು. ಈಗ ಕರೆಂಟ್ ಬಿಲ್ ನೋಡಿದರೆ ಸೋಲಾರ್ ಇದೆಯೋ ಇಲ್ಲವೋ ಅನ್ನಿಸುತ್ತದೆ. ಹಾಕಿಕೊಟ್ಟವರನ್ನು ಕೇಳಿದರೆ ‘ನಿಮ್ಮೂರ ಮಳೆಗೆ ಇಷ್ಟೇ ಸಾರ್’ ಅನ್ನುತ್ತಾರೆ. ಈಗ ಇನ್ನೊಬ್ಬರು ಬಂದು, ಹಳೆಯದನ್ನು ತೆಗೆದು ಹೊಸದು ಹಾಕುತ್ತೇವೆ, ಐದು ವರ್ಷ ಪರ್ಫಾರ್ಮೆನ್ಸ್ ಗ್ಯಾರಂಟಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಮಲೆನಾಡಿನಲ್ಲಿ ಬಿಸಿಲಿಗೆ ಗ್ಯಾರಂಟಿ ಕೊಡಲು ಸಾಧ್ಯವೇ? ಕೊಟ್ಟರೆ ಒಪ್ಪಂದ ಪತ್ರದಲ್ಲಿ ಏನೇನಿರಬೇಕು?

ಉತ್ತರ: ಬಿಸಿಲಿಗೆ ಯಾರೂ ಗ್ಯಾರಂಟಿ ಕೊಡಲಾರರು. ಆದರೆ ಬಂದ ಬಿಸಿಲಿನಲ್ಲಿ ಎಷ್ಟು ಪಾಲು ಬಿಸಿನೀರಾಗಿ ನಿಮ್ಮ ಬಚ್ಚಲಿಗೆ ಇಳಿಯಬೇಕು ಅನ್ನುವುದಕ್ಕೆ ಖಂಡಿತ ಕೊಡಬಹುದು. ಮಳೆಯ ಪಾಲು ಎಷ್ಟು, ಕೆಲಸ ಮಾಡಿದವರ ಪಾಲು ಎಷ್ಟು, ಬಳಸುವ ನಿಮ್ಮ ಪಾಲು ಎಷ್ಟು ಎಂದು ಬಿಡಿಸಿ ಬರೆದಿದ್ದರೆ ಮಾತ್ರ ಆ ಪತ್ರಕ್ಕೆ ಬೆಲೆ. ಇಲ್ಲದಿದ್ದರೆ ಐದು ವರ್ಷವೂ ‘ಮಳೆ ಸಾರ್’ ಅನ್ನುವ ಉತ್ತರವನ್ನೇ ಕೇಳುತ್ತಿರಬೇಕಾಗುತ್ತದೆ.

ಮೊದಲು ಅವರು ಕೊಟ್ಟಿರುವ ಪತ್ರವನ್ನು ಓದಿ ನೋಡಿ. ನಾನು ಕಂಡ ಇಂಥ ಬಹಳಷ್ಟು ಪತ್ರಗಳಲ್ಲಿ ಬರೆದಿರುವುದು ವಸ್ತುವಿನ ಗ್ಯಾರಂಟಿ. ಟ್ಯಾಂಕ್ ಸೋರಿದರೆ ಬದಲಿಸಿ ಕೊಡುತ್ತೇವೆ, ಪ್ಯಾನೆಲಿನ ವೆಲ್ಡಿಂಗ್ ಬಿಟ್ಟರೆ ಸರಿ ಮಾಡುತ್ತೇವೆ, ಇಷ್ಟೇ. ಅದೂ ಬೇಕು. ಆದರೆ ಎಲ್ಲ ಪ್ಯಾನೆಲ್ ಗಟ್ಟಿಯಾಗಿದ್ದು, ಟ್ಯಾಂಕ್ ಒಂದು ಹನಿಯೂ ಸೋರದೆ, ನೀರು ಮಾತ್ರ ತಣ್ಣಗೇ ಬರಬಹುದು. ಫಲಿತಾಂಶದ ಗ್ಯಾರಂಟಿ ಬೇರೆ. ಅದರಲ್ಲಿ ‘ವರ್ಷಕ್ಕೆ ಇಷ್ಟು ಯೂನಿಟ್ ಶಾಖ’ ಅನ್ನುವ ಅಂಕಿ ಇರಬೇಕು, ಅದನ್ನು ಅಳೆಯುವ ಮೀಟರಿನ ಹೆಸರಿರಬೇಕು, ಕಡಿಮೆ ಬಿದ್ದರೆ ಕೊಡಬೇಕಾದ ಹಣದ ಲೆಕ್ಕವಿರಬೇಕು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಸಹಿ ಹಾಕಬೇಡಿ.

ನಿಮ್ಮ ಹಳೆಯ ವ್ಯವಸ್ಥೆ ಯಾವಾಗ ಕೆಟ್ಟಿತು ಎಂದು ನಿಮಗೇ ಗೊತ್ತಿಲ್ಲ, ಅಲ್ವಾ? ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ದೊಡ್ಡ ಸೋಲಾರ್ ವ್ಯವಸ್ಥೆಗಳು ಸದ್ದಿಲ್ಲದೆ ಕೆಡುತ್ತವೆ. ಮೋಟಾರ್ ಕೆಟ್ಟರೆ ನಲ್ಲಿಯಲ್ಲಿ ನೀರು ನಿಲ್ಲುತ್ತದೆ, ಎಲ್ಲರಿಗೂ ತಿಳಿಯುತ್ತದೆ. ಸೋಲಾರ್ ಕೆಟ್ಟರೆ ಟ್ಯಾಂಕಿನೊಳಗಿನ ಕರೆಂಟ್ ಹೀಟರ್ ತಾನಾಗಿ ಹೊತ್ತಿಕೊಳ್ಳುತ್ತದೆ. ಮಕ್ಕಳಿಗೆ ಬಿಸಿನೀರು ಸಿಗುತ್ತಲೇ ಇರುತ್ತದೆ. ಶಿವಮೊಗ್ಗದ ಹೊರವಲಯದ ಒಂದು ಹಾಸ್ಟೆಲಿನಲ್ಲಿ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಪೈಪ್ ರಿಪೇರಿಗೆಂದು ಪ್ಯಾನೆಲ್ ಸಾಲಿನ ವಾಲ್ವ್ ಮುಚ್ಚಿದವರು ಮತ್ತೆ ತೆರೆದಿರಲಿಲ್ಲ. ಒಂದೂವರೆ ವರ್ಷ ಇಡೀ ಸಾಲು ಬಿಸಿಲಿನಲ್ಲಿ ಸುಮ್ನೆ ಕಾದಿತ್ತು. ಅಷ್ಟೂ ದಿನ ನೀರು ಕಾಯಿಸಿದ್ದು ಕರೆಂಟ್. ಮಕ್ಕಳ ಫೀಸಿನಿಂದ ಬಂದ ದುಡ್ಡು ಹಾಗೆ ಹೋಯಿತಲ್ಲ ಅಂತ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಆ ಪೈಪಿಗೆ ಒಂದು ಮೀಟರ್ ಇದ್ದಿದ್ದರೆ ಒಂದೇ ವಾರದಲ್ಲಿ ಗೊತ್ತಾಗುತ್ತಿತ್ತು.

ಇದೇ ತೊಂದರೆಯನ್ನು ಫ್ರಾನ್ಸಿನವರು 1980ರ ದಶಕದಲ್ಲಿ ಅನುಭವಿಸಿದರು. ಆಸ್ಪತ್ರೆ, ಹೋಟೆಲ್, ವಸತಿ ಸಮುಚ್ಚಯಗಳ ಮೇಲೆ ಹಾಕಿದ ಸೋಲಾರ್ ಕೆಟ್ಟರೂ ಬಾಯ್ಲರ್ ಅದನ್ನು ಮುಚ್ಚಿಹಾಕುತ್ತಿತ್ತು. ಜನರಿಗೆ ಸೋಲಾರಿನ ಮೇಲೆ ನಂಬಿಕೆಯೇ ಹೋಗತೊಡಗಿತು. ಆ ದಶಕದ ಕೊನೆಗೆ ಅಲ್ಲಿ ‘ಸೌರ ಫಲಿತಾಂಶದ ಗ್ಯಾರಂಟಿ’ ಎಂಬ ಒಪ್ಪಂದದ ಮಾದರಿ ಬಂತು. ಪ್ಯಾನೆಲ್ ಮಾಡಿದವರು, ನಕ್ಷೆ ಮಾಡಿದವರು, ಕೂರಿಸಿದವರು, ಮುಂದೆ ನೋಡಿಕೊಳ್ಳುವವರು, ಇವರೆಲ್ಲ ಒಟ್ಟಿಗೆ ಸಹಿ ಹಾಕಬೇಕು. ವರ್ಷಕ್ಕೆ ಇಷ್ಟು ಶಾಖ ಕೊಡುತ್ತೇವೆ ಎಂದು ಬರೆದುಕೊಡಬೇಕು. ಮೀಟರಿನ ಅಂಕಿ ದೂರದಿಂದಲೇ ಓದಲು ಸಿಗಬೇಕು. ಕಡಿಮೆ ಬಿದ್ದರೆ ಮೊದಲು ಸರಿಮಾಡಬೇಕು, ಆಗದಿದ್ದರೆ ಹಣ ಕೊಡಬೇಕು. ಒಟ್ಟಿಗೆ ಸಹಿ ಅನ್ನುವ ಭಾಗ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ನಮ್ಮಲ್ಲಿ ಪ್ಯಾನೆಲಿನವರು ಪ್ಲಂಬರನ್ನು ತೋರಿಸುತ್ತಾರೆ, ಪ್ಲಂಬರ್ ಟ್ಯಾಂಕಿನವರನ್ನು ತೋರಿಸುತ್ತಾರೆ, ಮಧ್ಯೆ ನೀವು ಓಡಾಡುತ್ತೀರಿ.

ಈಗ ನಿಮ್ಮ ನಿಲಯದ ಲೆಕ್ಕ ಹಾಕೋಣ. 1000 ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು 1.163 ಯೂನಿಟ್ ಶಾಖ ಬೇಕು. ಕರೆಂಟ್ ಅಳೆಯುವ ಯೂನಿಟ್ಟಿನಲ್ಲೇ ಶಾಖವನ್ನೂ ಅಳೆಯುತ್ತಾರೆ. ನಿಮ್ಮಲ್ಲಿ ತಣ್ಣೀರು ಸುಮಾರು 23 ಡಿಗ್ರಿ ಇರುತ್ತದೆ ಎಂದು ಇಟ್ಟುಕೊಳ್ಳಿ. 60 ಡಿಗ್ರಿಗೆ ಏರಿಸಬೇಕು, ಅಂದರೆ 37 ಡಿಗ್ರಿ. 5000 ಲೀಟರಿಗೆ ದಿನಕ್ಕೆ 215 ಯೂನಿಟ್. ಒಬ್ಬೊಬ್ಬರಿಗೆ 60 ಡಿಗ್ರಿಯ 20 ಲೀಟರ್ ಬಂತು. ತಣ್ಣೀರು ಬೆರೆಸಿದರೆ ಅದೇ ಹತ್ತಿರ ಹತ್ತಿರ 40 ಲೀಟರ್ ಹದವಾದ ನೀರಾಗುತ್ತದೆ. ಸ್ನಾನಕ್ಕೂ ಅಡುಗೆಮನೆಗೂ ಸಾಕು.

215 ಯೂನಿಟ್ ಅಂದರೆ ಎಷ್ಟು ದೊಡ್ಡದು ಎಂಬ ಅಂದಾಜಿಗೆ ಹೇಳುತ್ತೇನೆ. ಒಂದು ಕಿಲೋ ಒಣ ಸೌದೆಯಲ್ಲಿ ಸುಮಾರು 4 ಯೂನಿಟ್ ಶಾಖವಿರುತ್ತದೆ. ಹಂಡೆ ಒಲೆಯಲ್ಲಿ ಅದರ ಕಾಲುಭಾಗ ನೀರಿಗೆ ಹೋಗುತ್ತದೆ ಅಂದುಕೊಂಡರೂ ದಿನಕ್ಕೆ 200 ಕಿಲೋಗಿಂತ ಜಾಸ್ತಿ ಸೌದೆ ಬೇಕು. ಕರೆಂಟಿನಲ್ಲಾದರೆ, ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೂ ದಿನಕ್ಕೆ 1720 ರೂಪಾಯಿ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಆ ಕರೆಂಟಿಗಾಗಿ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು, ತೋಟ, ಗದ್ದೆ ಮುಳುಗಿದ ಜನ ನಮ್ಮ ಜಿಲ್ಲೆಯವರು. ಬೆಳಗಿನ ಸ್ನಾನದ ನೀರು ಕಾಯಿಸಲು ಅದನ್ನು ಸುರಿಯುವುದು ನನಗಂತೂ ಸರಿ ಕಾಣುವುದಿಲ್ಲ. ಬಿಸಿಲಿನಲ್ಲಿ ಆಗುವ ಕೆಲಸವನ್ನು ಬಿಸಿಲಿಗೇ ಬಿಡಬೇಕು.

ನಿಮ್ಮ 50 ಪ್ಯಾನೆಲ್ ಅಂದರೆ, ಒಂದಕ್ಕೆ ಎರಡು ಚದರ ಮೀಟರಿನಂತೆ, 100 ಚದರ ಮೀಟರ್. ನಮ್ಮ ಕಡೆ ವರ್ಷದ ಸರಾಸರಿ ನೋಡಿದರೆ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಯೂನಿಟ್ ಬಿಸಿಲು ಬೀಳುತ್ತದೆ. ಸರಾಸರಿಯ ಲೆಕ್ಕದಲ್ಲಿ 100 ಚದರ ಮೀಟರ್ ನಿಮಗೆ ಸರಿಯಾಗಿದೆ. ಆದರೆ ಈ ಸರಾಸರಿ ಅನ್ನುವುದೇ ಮಲೆನಾಡಿನಲ್ಲಿ ದಾರಿ ತಪ್ಪಿಸುತ್ತದೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮಗೆ ತೋರಿಸುವ ಬಣ್ಣದ ಚಾರ್ಟುಗಳೆಲ್ಲ ವರ್ಷದ ಸರಾಸರಿಯವೇ ಆಗಿರುತ್ತವೆ.

ಮಾರ್ಚಿನ ಒಳ್ಳೆಯ ದಿನ ಚದರ ಮೀಟರಿಗೆ 6 ಯೂನಿಟ್ ಬಿಸಿಲು ಬಿತ್ತು ಎನ್ನಿ. ಒಟ್ಟು 600. ಅದರಲ್ಲಿ ಅರ್ಧ ನೀರಿಗೆ ಇಳಿದರೆ 300. ನಿಮಗೆ ಬೇಕಾದದ್ದು 215. ಮಿಕ್ಕದ್ದು ಉಪಯೋಗಕ್ಕೆ ಬರುವುದಿಲ್ಲ. ಈಗ ಪುನರ್ವಸು ಮಳೆಯ ಒಂದು ದಿನ ನೋಡಿ. 3 ಯೂನಿಟ್ ಬಿದ್ದರೆ ಒಟ್ಟು 300. ಆದರೆ ಅದರಲ್ಲಿ ಅರ್ಧ ಸಿಗುವುದಿಲ್ಲ. ಬಿಸಿಲು ಕಮ್ಮಿಯಾದಾಗಲೂ ಪ್ಯಾನೆಲ್ ಗಾಳಿಗೆ ಬಿಟ್ಟುಕೊಡುವ ಶಾಖ ಅದೇ ಪ್ರಮಾಣದಲ್ಲಿ ಕಮ್ಮಿಯಾಗುವುದಿಲ್ಲ. ಹಾಗಾಗಿ ಮೂರನೇ ಒಂದು ಭಾಗ, ಸುಮಾರು 100 ಯೂನಿಟ್ ಸಿಕ್ಕೀತು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಘಟ್ಟದ ಆ ಅಂಚಿನಲ್ಲಿ ಜಡಿಮಳೆ ಹಿಡಿದ ವಾರಗಳಲ್ಲಿ ಇದೂ ಸಿಗುವುದಿಲ್ಲ. ತೀರ್ಥಹಳ್ಳಿ ಪೇಟೆ ಬೇರೆ, ಹುಲಿಕಲ್ ಬೇರೆ, ಶಿವಮೊಗ್ಗ ಬೇರೆ. ಶಿವಮೊಗ್ಗದ ಬಿಸಿಲಿನ ಅಂಕಿ ಹಿಡಿದು ಘಟ್ಟದ ಮೇಲಿನ ಊರಿಗೆ ಗ್ಯಾರಂಟಿ ಬರೆದರೆ ಒಂದೋ ಕೊಟ್ಟವರು ಮುಳುಗುತ್ತಾರೆ, ಇಲ್ಲವೇ ನೀವು.

ಇದರ ಮೇಲೆ ಹಾಸ್ಟೆಲಿನ ಕ್ಯಾಲೆಂಡರ್ ಹಾಕಿ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ಧಾರಾಳ, ಮಕ್ಕಳು ರಜೆಗೆ ಊರಿಗೆ ಹೋಗಿರುತ್ತಾರೆ. ಜೂನಿನಲ್ಲಿ ಮಕ್ಕಳು ಬರುವ ಹೊತ್ತಿಗೆ ಮಳೆ ಹಿಡಿಯುತ್ತದೆ. ಚಳಿ ಮಳೆಯಲ್ಲಿ ಬಿಸಿನೀರು ಎರಡು ಹೊತ್ತು ಬೇಕು ಬೇರೆ. ಅಂದರೆ ಸೂರ್ಯ ಕೊಡುವಾಗ ನೀವು ತೆಗೆದುಕೊಳ್ಳುವುದಿಲ್ಲ, ನಿಮಗೆ ಬೇಕಾದಾಗ ಸೂರ್ಯ ಇರುವುದಿಲ್ಲ. ಆದ್ದರಿಂದ ಗ್ಯಾರಂಟಿಯನ್ನು ವರ್ಷದ ಒಂದೇ ಅಂಕಿಯಲ್ಲಿ ಬರೆಸಬೇಡಿ. ಹನ್ನೆರಡು ತಿಂಗಳಿಗೆ ಹನ್ನೆರಡು ಸಾಲು ಇರಲಿ. ಆ ತಿಂಗಳು ಎಷ್ಟು ಮಕ್ಕಳಿರುತ್ತಾರೆ, ದಿನಕ್ಕೆ ಎಷ್ಟು ಲೀಟರ್, ಎಷ್ಟು ಬಿಸಿಲು ಎಂದು ಹಿಡಿದಿದ್ದಾರೆ, ಎಷ್ಟು ಯೂನಿಟ್ ಶಾಖ. ಜುಲೈ ಸಾಲಿನಲ್ಲಿ ಅಂಕಿ ಸಣ್ಣದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಸಣ್ಣ ಅಂಕಿಯನ್ನು ಪ್ರಾಮಾಣಿಕವಾಗಿ ಬರೆದವರೇ ನಿಮಗೆ ಬೇಕಾದವರು. ಜುಲೈನಲ್ಲೂ 60 ಡಿಗ್ರಿ ಪೂರ್ತಿ ಸೋಲಾರಿನಿಂದಲೇ ಕೊಡುತ್ತೇವೆ ಅನ್ನುವವರನ್ನು ನಾನು ನಂಬುವುದಿಲ್ಲ.

ಲೆಕ್ಕ ಹೇಗೆ ಮಾಡಿದರು ಎಂದೂ ಕೇಳಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ರೂಪಿಸಿದ ಎಫ್-ಚಾರ್ಟ್ ಎಂಬ ವಿಧಾನವಿದೆ. ಕೆನಡಾ ಸರ್ಕಾರದ ರೆಟ್‌ಸ್ಕ್ರೀನ್ ಎಂಬ ತಂತ್ರಾಂಶವಿದೆ. ಯಾವುದಾದರೂ ಆಗಲಿ, ಲೆಕ್ಕದ ಹಾಳೆಯನ್ನು ಒಪ್ಪಂದಕ್ಕೆ ಲಗತ್ತಿಸಬೇಕು. ಮುಂದೆ ತಕರಾರು ಬಂದರೆ ಅದೇ ವಿಧಾನದಲ್ಲಿ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ.

ಇನ್ನು ಹಣದ ಮಾತು. ಉದಾಹರಣೆಗೆ ನಿಮ್ಮ ನಿಲಯ ವರ್ಷಕ್ಕೆ 300 ದಿನ ನಡೆಯುತ್ತದೆ ಎಂದು ಇಟ್ಟುಕೊಳ್ಳಿ. ಬೇಕಾದ ಶಾಖ 64,500 ಯೂನಿಟ್. ಅದರಲ್ಲಿ 45,000 ಸೋಲಾರಿನಿಂದ ಬರುತ್ತದೆ ಎಂದು ಲೆಕ್ಕ ಹೇಳಿತು. ಸಾಮಾನ್ಯವಾಗಿ ಲೆಕ್ಕದ ಅಂಕಿಗಿಂತ ಸ್ವಲ್ಪ ಕೆಳಗೆ ಗ್ಯಾರಂಟಿ ಬರೆಯುತ್ತಾರೆ. ಶೇಕಡಾ 90 ಎಂದರೆ 40,500. ವರ್ಷದ ಕೊನೆಗೆ ಮೀಟರ್ 36,000 ತೋರಿಸಿತು. 4,500 ಯೂನಿಟ್ ಖೋತಾ. ಯೂನಿಟ್ಟಿಗೆ 8 ರೂಪಾಯಿಯಂತೆ 36,000 ರೂಪಾಯಿ ನಿಮಗೆ ಬರಬೇಕು ಅನ್ನಿಸುತ್ತದೆ.

ಇಲ್ಲಿ ಒಂದು ನಿಮಿಷ ನಿಲ್ಲಿ. ಆ ವರ್ಷ ಮಳೆ ಜಾಸ್ತಿಯಾಗಿತ್ತೇ? ಲೆಕ್ಕ ಮಾಡುವಾಗ ವರ್ಷಕ್ಕೆ ಚದರ ಮೀಟರಿಗೆ 1,800 ಯೂನಿಟ್ ಬಿಸಿಲು ಎಂದು ಹಿಡಿದಿದ್ದರು. ಚಾವಣಿಯ ಮೇಲೆ ಬಿಸಿಲು ಅಳೆಯುವ ಉಪಕರಣ 1,620 ತೋರಿಸಿದೆ. ಹತ್ತರಲ್ಲಿ ಒಂದು ಪಾಲು ಕಡಿಮೆ. ಗ್ಯಾರಂಟಿಯನ್ನೂ ಅಷ್ಟು ಇಳಿಸಿದರೆ 36,450. ನಿಜವಾದ ಖೋತಾ 450 ಯೂನಿಟ್ ಮಾತ್ರ. ಅಂದರೆ ಆ ವರ್ಷ ಅವರು ಕೆಲಸ ಚೆನ್ನಾಗಿಯೇ ಮಾಡಿದ್ದಾರೆ, ಮೋಡ ತನ್ನ ಪಾಲು ತಿಂದಿದೆ. ಬಿಸಿಲನ್ನು ಅಳೆಯದೆ ಇದ್ದಿದ್ದರೆ ನೀವು ಅವರ ಮೇಲೆ ಜಗಳಕ್ಕೆ ಹೋಗುತ್ತಿದ್ದಿರಿ. ಇನ್ನೊಂದು ವರ್ಷ ಬಿಸಿಲು ಚೆನ್ನಾಗಿದ್ದೂ ಶಾಖ ಕಡಿಮೆ ಬಂದಿದ್ದರೆ, ಅವರು ಮಳೆಯ ನೆಪ ಹೇಳುವಂತಿಲ್ಲ. ಪೈರನೋಮೀಟರ್ ಎಂಬ ಈ ಉಪಕರಣಕ್ಕೆ ಖರ್ಚು ಮಾಡಲು ಹಿಂಜರಿಯಬೇಡಿ. ಮಲೆನಾಡಿನ ಗ್ಯಾರಂಟಿಗೆ ಅದೇ ಸಾಕ್ಷಿ. ಒಂದು ಮಾತು ಸೇರಿಸಬೇಕು. ಬಿಸಿಲು ಹತ್ತರಲ್ಲಿ ಒಂದು ಪಾಲು ಇಳಿದರೆ ಶಾಖ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಇಳಿಯುತ್ತದೆ. ವ್ಯತ್ಯಾಸ ಸಣ್ಣದಿದ್ದರೆ ನೇರವಾಗಿ ಇಳಿಸಿದರೆ ಸಾಕು. ದೊಡ್ಡದಿದ್ದರೆ ಲೆಕ್ಕವನ್ನೇ ಮತ್ತೆ ಮಾಡುವುದು ಇಬ್ಬರಿಗೂ ನ್ಯಾಯ.

ಮೂರನೆಯ ಪಾಲು ನಿಮ್ಮದು. ಇದನ್ನು ಹೇಳಿದಾಗ ಕೆಲವರಿಗೆ ಆಶ್ಚರ್ಯವಾಗುತ್ತದೆ. ಬಿಸಿನೀರು ಬಳಸದಿದ್ದರೆ ಸೋಲಾರ್ ಕಡಿಮೆ ಶಾಖ ಕೊಡುತ್ತದೆ. ನಿನ್ನೆಯ ಬಿಸಿನೀರು ಟ್ಯಾಂಕಿನಲ್ಲೇ ಇದ್ದರೆ ಇವತ್ತು ಪ್ಯಾನೆಲಿಗೆ ಹೋಗುವುದು ಬಿಸಿನೀರೇ. ಬಿಸಿ ಪ್ಯಾನೆಲ್ ಗಾಳಿಗೆ ಜಾಸ್ತಿ ಶಾಖ ಬಿಟ್ಟುಕೊಡುತ್ತದೆ, ನೀರಿಗೆ ಕಡಿಮೆ ಕೊಡುತ್ತದೆ. ಆದ್ದರಿಂದ ದಿನಕ್ಕೆ 5000 ಲೀಟರ್ ಬಳಸುತ್ತೇವೆ ಎಂದು ಬರೆದುಕೊಟ್ಟು 3000 ಬಳಸಿದರೆ ಗ್ಯಾರಂಟಿಯ ಅಂಕಿ ಇಳಿಯುವುದು ಸಹಜ. ನೀವು ಸಹಿ ಹಾಕುವ ಮೊದಲು ಒಂದು ತಿಂಗಳು ತಣ್ಣೀರಿನ ಪೈಪಿಗೆ ಒಂದು ಸಾಧಾರಣ ನೀರಿನ ಮೀಟರ್ ಹಾಕಿ, ಎಷ್ಟು ಬಿಸಿನೀರು ಹೋಗುತ್ತದೆ ಎಂದು ಬರೆದಿಡಿ. ವಾರ್ಡನ್ ದಿನಾ ಬೆಳಿಗ್ಗೆ ಒಂದು ಸಲ ನೋಡಿದರೆ ಸಾಕು. ಎಷ್ಟೋ ಕಡೆ 5000 ಎಂದು ಹೇಳುತ್ತಿದ್ದವರ ನಿಜವಾದ ಬಳಕೆ ತುಂಬ ಕಡಿಮೆ ಇರುತ್ತದೆ. ಆಗ ಸಣ್ಣ ವ್ಯವಸ್ಥೆಯೇ ಸಾಕು, ದುಡ್ಡು ಉಳಿಯುತ್ತದೆ.

ಶಾಖದ ಮೀಟರ್ ಎಲ್ಲಿ ಕೂರಬೇಕು ಅನ್ನುವುದು ಇನ್ನೊಂದು ಗಟ್ಟಿ ವಿಷಯ. ಮೀಟರಿನಲ್ಲಿ ನೀರಿನ ಹರಿವು ಅಳೆಯುವ ಒಂದು ಭಾಗ, ಉಷ್ಣತೆ ಅಳೆಯುವ ಎರಡು ಕಡ್ಡಿ ಇರುತ್ತವೆ. ಒಂದು ಕಡ್ಡಿ ಸೋಲಾರ್ ಟ್ಯಾಂಕಿಗೆ ತಣ್ಣೀರು ಒಳಹೋಗುವಲ್ಲಿ, ಇನ್ನೊಂದು ಆ ಟ್ಯಾಂಕಿನಿಂದ ಬಿಸಿನೀರು ಹೊರಬರುವಲ್ಲಿ. ಕರೆಂಟ್ ಹೀಟರ್ ಮಾತ್ರ ಅದೇ ಟ್ಯಾಂಕಿನಲ್ಲಿ ಇರಕೂಡದು. ಇದ್ದರೆ ಕರೆಂಟ್ ಕೊಟ್ಟ ಶಾಖವೂ ಸೋಲಾರಿನ ಖಾತೆಗೆ ಜಮಾ ಆಗುತ್ತದೆ. ನೀವೇ ಬಿಲ್ ಕಟ್ಟಿ ಅವರ ಗ್ಯಾರಂಟಿ ಪೂರೈಸಿದಂತೆ. ಸೋಲಾರಿಗೆ ಒಂದು ಟ್ಯಾಂಕ್, ಅದರ ಮುಂದೆ ಹೀಟರಿನ ಸಣ್ಣ ಟ್ಯಾಂಕ್ ಬೇರೆ, ಹೀಗೆ ಬಿಡಿಸಿ ಕೂರಿಸಲು ಹೇಳಿ. ಹೀಟರಿಗೂ ಪ್ರತ್ಯೇಕ ಕರೆಂಟ್ ಮೀಟರ್ ಇರಲಿ. ಅದರ ಅಂಕಿ ಫೆಬ್ರವರಿಯಲ್ಲಿ ಓಡುತ್ತಿದ್ದರೆ ಏನೋ ಕೆಟ್ಟಿದೆ ಎಂದೇ ಅರ್ಥ.

ವರ್ಷ ಮುಗಿಯುವವರೆಗೆ ಕಾಯದೆ ಪರೀಕ್ಷಿಸಲು ಇನ್ನೊಂದು ದಾರಿಯಿದೆ. ದೊಡ್ಡ ಪ್ಯಾನೆಲ್ ಸಾಲುಗಳನ್ನು ಪರೀಕ್ಷಿಸಲು 2022ರಲ್ಲಿ ಐಎಸ್ಒ 24194 ಎಂಬ ಅಂತರರಾಷ್ಟ್ರೀಯ ಮಾನಕ ಬಂದಿದೆ. ಅದರ ಸಾರ ಸರಳ. ಒಳ್ಳೆಯ ಬಿಸಿಲಿರುವ ಗಂಟೆಗಳನ್ನು ಮಾತ್ರ ಆರಿಸಿಕೊಳ್ಳಿ. ಆ ಗಂಟೆಯ ಬಿಸಿಲು, ಗಾಳಿಯ ಉಷ್ಣತೆ, ಪ್ಯಾನೆಲಿನೊಳಗಿನ ನೀರಿನ ಉಷ್ಣತೆ ಇವುಗಳಿಂದ ಎಷ್ಟು ಶಾಖ ಬರಬೇಕು ಎಂದು ಲೆಕ್ಕ ಹಾಕಿ. ಪೈಪಿನಲ್ಲಿ ಹೋಗುವ ನಷ್ಟಕ್ಕೆ, ಅಳತೆಯ ಸಣ್ಣಪುಟ್ಟ ತಪ್ಪಿಗೆ ಒಂದಿಷ್ಟು ಕಳೆಯಿರಿ. ನಿಜವಾಗಿ ಬಂದದ್ದನ್ನು ಅದರ ಪಕ್ಕ ಇಡಿ. ಇದರಲ್ಲಿ ಮಳೆಗಾಲದ ಗೊಡವೆಯೇ ಇಲ್ಲ. ನಮಗೆ ಅಕ್ಟೋಬರ್ ಕಳೆದರೆ ಮೇ ತನಕ ಇಂಥ ಗಂಟೆಗಳು ಬೇಕಾದಷ್ಟು ಸಿಗುತ್ತವೆ. ದೀಪಾವಳಿ ಆದ ಮೇಲೆ ಒಂದು ಸಲ, ಯುಗಾದಿ ಹೊತ್ತಿಗೆ ಇನ್ನೊಂದು ಸಲ ಈ ಪರೀಕ್ಷೆ ಆಗಬೇಕೆಂದು ಒಪ್ಪಂದದಲ್ಲಿ ಬರೆಸಿ. ನನ್ನ ಅಭಿಪ್ರಾಯದಲ್ಲಿ ಮಲೆನಾಡಿಗೆ ವರ್ಷದ ಲೆಕ್ಕಕ್ಕಿಂತ ಇದು ಹೆಚ್ಚು ನೇರ. ಎರಡೂ ಇದ್ದರೆ ಒಳ್ಳೆಯದು.

ಗ್ಯಾರಂಟಿ ಕೊಟ್ಟವರೇ ಮೂರನೇ ವರ್ಷ ಅಂಗಡಿ ಮುಚ್ಚಿದರೆ? ಹೊಸದಾಗಿ ಬೆಳೆಯುತ್ತಿರುವ ಮಾರುಕಟ್ಟೆಗಳಲ್ಲೆಲ್ಲ ಈ ಭಯ ಇದ್ದೇ ಇದೆ. ಕಂಪನಿಗಳು ಸಣ್ಣವು, ಗ್ಯಾರಂಟಿಯ ವಾಯಿದೆ ಉದ್ದ. ಅದಕ್ಕೆ ಹಣದ ಒಂದು ಭಾಗವನ್ನು ನಿಮ್ಮ ಕೈಯಲ್ಲೇ ಉಳಿಸಿಕೊಳ್ಳುವುದು ದಾರಿ. ನಾನಾದರೆ ಶೇಕಡಾ 15 ಉಳಿಸಿಕೊಂಡು, ಪ್ರತಿವರ್ಷ ಅಂಕಿ ಮುಟ್ಟಿದ ಮೇಲೆ ಶೇಕಡಾ 3ರಂತೆ ಐದು ಕಂತಿನಲ್ಲಿ ಬಿಡುಗಡೆ ಮಾಡುತ್ತೇನೆ. ಅವರಿಗೆ ದುಡ್ಡು ಕಟ್ಟಿಹಾಕಿದಂತಾಗುತ್ತದೆ ಅಂದರೆ ಅಷ್ಟಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಲಿ. ಹೀಗೆ ಮಾಡಿದರೆ ಟೆಂಡರಿನಲ್ಲಿ ಬೆಲೆ ಸ್ವಲ್ಪ ಏರುತ್ತದೆ. ಏರಲಿ. ಅತಿ ಕಡಿಮೆ ಬೆಲೆಗೆ ಹಾಕಿಸಿಕೊಂಡದ್ದರ ಫಲ ನಿಮ್ಮ ಚಾವಣಿಯ ಮೇಲೇ ಇದೆ.

ಇನ್ನೂ ಮುಂದೆ ಹೋದವರೂ ಇದ್ದಾರೆ. ಚಿಲಿಯ ಅಟಕಾಮ ಮರುಭೂಮಿಯಲ್ಲಿ ಗೇಬ್ರಿಯೆಲಾ ಮಿಸ್ಟ್ರಾಲ್ ಎಂಬ ತಾಮ್ರದ ಗಣಿ ಇದೆ. 2013ರಲ್ಲಿ ಅಲ್ಲಿ ಸುಮಾರು 39 ಸಾವಿರ ಚದರ ಮೀಟರ್ ಪ್ಯಾನೆಲಿನ ಸೋಲಾರ್ ಶಾಖ ಘಟಕ ಶುರುವಾಯಿತು. ಗಣಿಯವರು ಪ್ಯಾನೆಲ್ ಕೊಳ್ಳಲಿಲ್ಲ. ಘಟಕದವರಿಂದ ಶಾಖವನ್ನು ಕೊಳ್ಳುವ ದೀರ್ಘ ಒಪ್ಪಂದ ಮಾಡಿಕೊಂಡರು. ಶಾಖ ಬರದಿದ್ದರೆ ನಷ್ಟ ಘಟಕದವರದೇ, ಅದಕ್ಕಿಂತ ದೊಡ್ಡ ಗ್ಯಾರಂಟಿ ಬೇರೆ ಬೇಕೇ? ಟ್ಯುನಿಷಿಯಾದವರು 2005ರಲ್ಲಿ ಪ್ರೊಸೋಲ್ ಎಂಬ ಯೋಜನೆ ತಂದರು. ಮನೆಯ ಸೋಲಾರಿಗೆ ಬ್ಯಾಂಕ್ ಸಾಲ, ಅದರ ಕಂತು ಕರೆಂಟ್ ಬಿಲ್ಲಿನ ಜೊತೆ ವಸೂಲಿ. ಸಾಲ ತೀರುವ ಭರವಸೆ ಇದ್ದದ್ದರಿಂದ ಬ್ಯಾಂಕುಗಳು ಧೈರ್ಯ ಮಾಡಿದವು. ನಮ್ಮ ದೇಶದ 2010ರ ರಾಷ್ಟ್ರೀಯ ಸೌರ ಮಿಷನ್ 2022ಕ್ಕೆ 2 ಕೋಟಿ ಚದರ ಮೀಟರ್ ಪ್ಯಾನೆಲ್ ಎಂಬ ಗುರಿ ಇಟ್ಟಿತ್ತು. ಗುರಿ ಇದ್ದದ್ದು ಚದರ ಮೀಟರಿನಲ್ಲಿ. ಚಾವಣಿ ತುಂಬಿಸಿದರೆ ಗುರಿ ಮುಟ್ಟಿದಂತೆ. ಎಷ್ಟು ಶಾಖ ಬಂತು ಎಂದು ಅದರಲ್ಲಿ ಕಾಣುವುದಿಲ್ಲ. ಗುರಿಯನ್ನು ಯೂನಿಟ್ ಶಾಖದಲ್ಲಿ ಇಟ್ಟಿದ್ದರೆ ಒಳ್ಳೆಯ ಕೆಲಸ ಮಾಡುವ ಕಂಪನಿಗಳಿಗೆ ಬೆಲೆ ಬರುತ್ತಿತ್ತು, ನಿಮ್ಮಂಥವರು ಮೋಸ ಹೋಗುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ನಿಮಗೊಂದು ಸಲಹೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ ಕಡೆ ಹಾಸ್ಟೆಲ್, ಆಸ್ಪತ್ರೆ, ಛತ್ರ, ಹೋಂಸ್ಟೇಗಳು ಸಾಕಷ್ಟಿವೆ. ಒಂದು ಹಾಸ್ಟೆಲಿಗಾಗಿ ಮೀಟರ್ ಓದುವ ವ್ಯವಸ್ಥೆ, ಪರೀಕ್ಷೆ ಮಾಡುವ ಎಂಜಿನಿಯರ್, ಕಾಗದಪತ್ರ ಎಲ್ಲ ದುಬಾರಿ. ಆರೇಳು ಸಂಸ್ಥೆಗಳು ಸೇರಿ ಒಂದೇ ಮಾದರಿ ಒಪ್ಪಂದ ಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಕಂಪನಿಗೂ ಹತ್ತಿರದಲ್ಲೇ ಒಬ್ಬ ಐಟಿಐ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಗಿಟ್ಟುತ್ತದೆ. ದೂರದ ಊರಿಂದ ಮೆಕ್ಯಾನಿಕ್ ಬರುವ ತನಕ ಕಾಯುವುದು ತಪ್ಪುತ್ತದೆ. ಅಡಿಕೆ ಮಾರಾಟಕ್ಕೆ ಸಹಕಾರ ಸಂಘ ಕಟ್ಟಿ ನಡೆಸಿದ ಜನ ನಾವು. ಇದನ್ನೂ ಮಾಡಬಹುದು.

ನಿರ್ವಹಣೆಯ ಭಾಗದಲ್ಲಿ ನಮ್ಮ ಕಡೆಯ ಕೆಲವು ವಿಷಯ ಬೇರೆ ಊರಿನ ಮಾದರಿ ಪತ್ರದಲ್ಲಿ ಇರುವುದಿಲ್ಲ, ನೀವೇ ಸೇರಿಸಬೇಕು. ಬಿಸಿನೀರಿನ ಪೈಪಿನ ಮೇಲಿನ ಹೊದಿಕೆ ಮಳೆಯಲ್ಲಿ ನೆನೆದರೆ ಶಾಖ ತಡೆಯುವುದಿಲ್ಲ. ಒದ್ದೆ ಕಂಬಳಿ ಹೊದ್ದ ಹಾಗೆ. ಹೊರಗೆ ಅಲ್ಯೂಮಿನಿಯಂ ತಗಡು ಸುತ್ತಿ, ಸಂದುಗಳಿಗೆ ಸೀಲ್ ಮಾಡಿರಬೇಕು. ಪ್ರತಿ ಸೆಪ್ಟೆಂಬರಿನಲ್ಲಿ ತೆರೆದು ನೋಡಬೇಕು. ಗಾಜಿನ ಮೇಲೆ ಹಾವಸೆ, ಪಾಚಿ ಕಟ್ಟುತ್ತದೆ. ಮಳೆ ತೊಳೆಯುತ್ತದೆ ಎಂದು ಬಿಡಬೇಡಿ, ಮಳೆಗಾಲ ಮುಗಿದ ಕೂಡಲೇ ಉಜ್ಜಿ ತೊಳೆಯಬೇಕು. ಮರದ ನೆರಳಿನ ವಿಷಯದಲ್ಲಿ ಎಲ್ಲರೂ ದಕ್ಷಿಣದ ಮರ ಮಾತ್ರ ನೋಡುತ್ತಾರೆ. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಮಳೆ ಬಿಟ್ಟಾಗ ಸಿಗುವ ಆ ಒಂದೆರಡು ಗಂಟೆಯ ಬಿಸಿಲಿಗೆ ಉತ್ತರದ ಎತ್ತರದ ಮರವೂ ಅಡ್ಡ ಬರಬಹುದು. ಮಂಗನ ಕಾಟ ಇರುವ ಕಡೆ ಗಾಜಿನ ಕೊಳವೆಯ ಮಾದರಿಗಿಂತ ಚಪ್ಪಟೆ ಪ್ಯಾನೆಲ್ ಮೇಲು. ಚಪ್ಪಟೆ ಪ್ಯಾನೆಲಿಗೆ ಐಎಸ್ 12933 ಎಂಬ ಭಾರತೀಯ ಮಾನಕದ ಗುರುತು ಇದೆಯೇ ನೋಡಿ.

ಮಳೆಗಾಲದ ನಾಲ್ಕು ತಿಂಗಳಿಗೆ ಹೀಟರ್ ಬೇಕೇ ಬೇಕು. ಅದಕ್ಕೆ ಬರೀ ಕಾಯಿಲ್ ಹೀಟರ್ ಹಾಕಬೇಡಿ. ಸುತ್ತಲಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುವ ಹೀಟ್ ಪಂಪ್ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಕೊಡುತ್ತದೆ. ನಮ್ಮ ಬೆಚ್ಚನೆಯ ತೇವದ ಗಾಳಿ ಅದಕ್ಕೆ ಒಗ್ಗುತ್ತದೆ. ಅಡಿಕೆ ಸಿಪ್ಪೆ ಸುತ್ತಮುತ್ತ ರಾಶಿ ಬಿದ್ದಿದ್ದರೆ, ಒಣಗಿಸಿ ಸೂರಿನಡಿ ಇಡಲು ಜಾಗವಿದ್ದರೆ, ಹೊಗೆ ಕೊಳವೆ ಇರುವ ಒಳ್ಳೆಯ ಬಾಯ್ಲರ್ ಕೂಡ ಆಗುತ್ತದೆ. ಯಾವುದಾದರೂ ಸರಿ, ಅದು ಶಾಖದ ಮೀಟರ್ ದಾಟಿದ ಮೇಲೆ ಇರಲಿ.

ಕೊನೆಗೆ ನಿಮ್ಮ ಹಳೆಯ 50 ಪ್ಯಾನೆಲುಗಳ ವಿಷಯ. ಅವನ್ನು ಗುಜರಿಗೆ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಫೆಬ್ರವರಿಯ ತಿಳಿ ಬಿಸಿಲಿನ ಒಂದು ಭಾನುವಾರ ಆರಿಸಿಕೊಳ್ಳಿ. ಹೀಟರಿನ ಸ್ವಿಚ್ ತೆಗೆಯಿರಿ. ಬೆಳಿಗ್ಗೆ ಟ್ಯಾಂಕಿಗೆ ಪೂರ್ತಿ ತಣ್ಣೀರು ತುಂಬಿಸಿ ಉಷ್ಣತೆ ಬರೆದುಕೊಳ್ಳಿ. ಸಂಜೆ ಐದರ ತನಕ ಯಾರೂ ಬಿಸಿನೀರು ತೆಗೆಯಬಾರದು. ಆಮೇಲೆ ಮತ್ತೆ ಅಳೆಯಿರಿ, ಟ್ಯಾಂಕಿನ ಮೇಲೂ ಕೆಳಗೂ ಅಳೆದು ಸರಾಸರಿ ತೆಗೆಯಿರಿ. 24 ಡಿಗ್ರಿಯಿಂದ 60 ದಾಟಿದ್ದರೆ ಪ್ಯಾನೆಲುಗಳು ಇನ್ನೂ ಚೆನ್ನಾಗಿವೆ. 45ಕ್ಕೇ ನಿಂತಿದ್ದರೆ 5000 ಲೀಟರಿಗೆ ಬಂದದ್ದು ಬರೀ 122 ಯೂನಿಟ್, ಎಲ್ಲೋ ದೊಡ್ಡ ತೊಂದರೆ ಇದೆ. ಮಧ್ಯಾಹ್ನ ಪ್ರತಿ ಸಾಲಿನ ಹೊರಪೈಪ್ ಮುಟ್ಟಿ ನೋಡಿ, ಹುಷಾರಾಗಿ. ಉಳಿದವು ಸುಡುತ್ತಿದ್ದು ಒಂದು ಸಾಲಿನ ಪೈಪ್ ಮಾತ್ರ ತಣ್ಣಗಿದ್ದರೆ ಆ ಸಾಲಿನಲ್ಲಿ ನೀರು ಓಡುತ್ತಿಲ್ಲ. ವಾಲ್ವ್ ಮುಚ್ಚಿರಬಹುದು, ಗಾಳಿ ತುಂಬಿರಬಹುದು, ಬೋರ್‌ವೆಲ್ ನೀರಾದರೆ ಕೊಳವೆಯೊಳಗೆ ಉಪ್ಪು ಕಟ್ಟಿರಬಹುದು. ಆ ರಾತ್ರಿ ನೀರು ಮುಟ್ಟದೆ ಬಿಟ್ಟು ಬೆಳಿಗ್ಗೆ ಆರಕ್ಕೆ ಮತ್ತೆ ಅಳೆಯಿರಿ. ಐದು ಡಿಗ್ರಿಗಿಂತ ಜಾಸ್ತಿ ಇಳಿದಿದ್ದರೆ ಟ್ಯಾಂಕಿನ ಹೊದಿಕೆ ಹೋಗಿದೆ, ಇಲ್ಲವೇ ರಾತ್ರಿ ಹೊತ್ತು ಬಿಸಿನೀರು ಹಿಂದಕ್ಕೆ ಪ್ಯಾನೆಲಿಗೆ ಹರಿದು ತಣ್ಣಗಾಗುತ್ತಿದೆ. ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್ ಬದಲಿಸಿದರೆ ಅದು ನಿಲ್ಲುತ್ತದೆ.

ಈ ಅಂಕಿಗಳನ್ನು ಕೈಯಲ್ಲಿ ಹಿಡಿದುಕೊಂಡು ಹೊಸಬರನ್ನು ಕರೆಯಿರಿ. ಹಳೆಯ ಪ್ಯಾನೆಲ್ ಉಳಿಸಿಕೊಂಡು, ಪೈಪ್, ಹೊದಿಕೆ, ವಾಲ್ವ್, ಮೀಟರ್ ಮಾತ್ರ ಹೊಸದು ಹಾಕಿ ಅದೇ ಗ್ಯಾರಂಟಿ ಕೊಡುತ್ತೀರಾ ಎಂದು ಕೇಳಿ. ಕೆಲವರು ಒಪ್ಪುತ್ತಾರೆ.